ಕುದುರೆಮುಖದಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಇರಬಹುದಾ?

ಜಯನಗರದ ಅಪ್ಪ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ನವೆಂಬರ್‌ನಲ್ಲಿ 11 ತುಂಬುತ್ತದೆ. ಹುಟ್ಟುಹಬ್ಬಕ್ಕೆ ಏನು ಬೇಕು ಅಂತ ಕೇಳಿದೆ. "ಟೆಂಟಿನಲ್ಲಿ ಮಲಗಬೇಕು, ಜಿಪ್ ಎಳೆದರೆ ನಕ್ಷತ್ರ ಕಾಣಬೇಕು" ಅಂದಳು. ಆಗಲಿ ಅಂತ ಮಾತು ಕೊಟ್ಟೆ.

ಅವಳಿಗೆ ಈ ಆಸೆ ಬಂದಿದ್ದು ನನ್ನ ಹಳೇ ಫೋಟೊ ನೋಡಿ. ಕಾಲೇಜಿನಲ್ಲಿದ್ದಾಗ ನಾವು ಐದು ಜನ ಕುಮಾರಪರ್ವತಕ್ಕೆ ಹೋಗಿದ್ದೆವು. ಗಿರಿಗದ್ದೆ ಭಟ್ಟರ ಮನೆಯಲ್ಲಿ ಅನ್ನ, ಸಾರು, ಮಜ್ಜಿಗೆ ಉಂಡು, ಮರುದಿನ ಕಲ್ಲು ಮಂಟಪದ ಹತ್ತಿರ ಟೆಂಟ್ ಹಾಕಿದ್ದೆವು. ಆ ರಾತ್ರಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈಗ ಕುದುರೆಮುಖದಲ್ಲಿ, ಹತ್ತುವ ದಾರಿಯಲ್ಲಿ ಸಿಗುವ ಒಂಟಿಮರದ ಆಸುಪಾಸು ಟೆಂಟ್ ಹಾಕುವ ಯೋಚನೆ ಇದೆ. ಟೆಂಟು, ಚಿಕ್ಕ ಗ್ಯಾಸ್ ಒಲೆ ಎರಡೂ ತಂದಿದ್ದಾಯಿತು. ಒಬ್ಬ ಗೆಳೆಯ "ಬಿಡೋದಿಲ್ಲ ಕಣೋ" ಅನ್ನುತ್ತಾನೆ. ಆದರೆ ಯಾರೋ ಮೇಲೆ ಟೆಂಟ್ ಹಾಕಿದ ವಿಡಿಯೊ ನೋಡಿದ್ದೇನೆ. ಯಾವುದು ನಿಜ? ಹೋಗಿ ಬಂದವರು ಹೇಳಿ.

ಕಳಸದ ಹುಡುಗ

ನಿಮ್ಮ ಗೆಳೆಯರು ಹೇಳಿದ್ದೇ ನಿಜ ಸರ್. ಬಿಡೋದಿಲ್ಲ. ಮುಳ್ಳೋಡಿಯಿಂದ ಬೆಳಗ್ಗೆ ಹತ್ತಬೇಕು, ಸಂಜೆ ಒಳಗೆ ಇಳಿದು ಬಂದಿರಬೇಕು. ಮೇಲೆ ರಾತ್ರಿ ಉಳಿಯುವ ಹಾಗೇ ಇಲ್ಲ. ಆ ವಿಡಿಯೊ ಹಳೇದು ಇರಬೇಕು, ಇಲ್ಲ ಕದ್ದು ಹಾಕಿದ್ದು.

ಹಗಲು ನಡಿಗೆ

ಇಲ್ಲ. ಮುಗೀತು.

ಬೈಕ್ ಸವಾರ

ಇದೇ ನನಗೆ ಅರ್ಥ ಆಗದ್ದು. ಒಬ್ಬ ಅಪ್ಪ ಮಗಳ ಜೊತೆ ಒಂದು ಟೆಂಟ್ ಹಾಕಿದರೆ ಬೆಟ್ಟಕ್ಕೆ ಏನಾಗುತ್ತದೆ? ಇಬ್ಬರು, ಒಂದು ರಾತ್ರಿ. ಬೆಳಗ್ಗೆ ಮಡಚಿಕೊಂಡು ಬರುತ್ತಾರೆ. ಅಲ್ಲೇ ಪಕ್ಕದಲ್ಲಿ ವರ್ಷಗಟ್ಟಲೆ ಗಣಿ ಅಗೆದರು. ಅದು ನಡೀತು, ಟೆಂಟ್ ನಡೆಯೋದಿಲ್ಲ. ಕಾಡು ನೋಡದೆ ಬೆಳೆದ ಮಕ್ಕಳು ನಾಳೆ ಕಾಡು ಉಳಿಸಿ ಅಂತ ಕೇಳುತ್ತಾರಾ?

ಹುಲ್ಲುಗಾವಲು

ಸವಾರರೇ, ನಿಮ್ಮ ಕೊನೆಯ ಸಾಲು ಒಪ್ಪುತ್ತೇನೆ. ಉಳಿದದ್ದು ಒಪ್ಪುವುದಿಲ್ಲ.

ಮೊದಲು ಕಾನೂನು. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಸುಮಾರು 600 ಚದರ ಕಿ.ಮೀ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇಂಥ ಕಡೆ ಕಾಲಿಡಲೇ ಅನುಮತಿ ಬೇಕು. ಬೆಂಕಿ ಹಚ್ಚುವುದಕ್ಕೂ ತಡೆ ಇದೆ. ಪಕ್ಕದ ಊರಿನ ಗುಡ್ಡ ಬೇರೆ, ಇದು ಬೇರೆ.

ಎರಡನೇದು ಆ ಹುಲ್ಲು. ಜನ ಅದನ್ನು ಖಾಲಿ ಜಾಗ ಅಂದುಕೊಳ್ಳುತ್ತಾರೆ. ಮರ ಕಡಿದದ್ದಕ್ಕೆ ಹುಲ್ಲು ಬಂತು ಅಂತ ಹೇಳುವವರೂ ಇದ್ದಾರೆ. ಹಾಗಲ್ಲ. ಮೇಲೆ ಹುಲ್ಲು, ಕಣಿವೆಯ ಸಂದಿಯಲ್ಲಿ ಶೋಲಾ ಕಾಡು. ಇದು ಆ ಬೆಟ್ಟದ ಸಹಜ ರೂಪ. ವರ್ಷಕ್ಕೆ 5000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಜಾಗ ಅದು. ಹುಲ್ಲಿನ ಬೇರು ಮಣ್ಣನ್ನು ಬಿಗಿಯಾಗಿ ಹಿಡಿದುಕೊಂಡಿದೆ. ಒಂದು ಕಡೆ ಹುಲ್ಲು ಸತ್ತರೆ ಮುಂದಿನ ಮಳೆಗಾಲಕ್ಕೆ ಅಲ್ಲಿ ಮಣ್ಣು ಬಿಚ್ಚಿಕೊಳ್ಳುತ್ತದೆ. ಆಮೇಲೆ ಅದು ಸಣ್ಣ ಕೊರಕಲು, ಅದರ ಮುಂದಿನ ವರ್ಷ ದೊಡ್ಡದು.

ಮೂರನೇದು, ಟೆಂಟ್ ಒಂದೇ ಇರುವುದಿಲ್ಲ. ಸಮತಟ್ಟು ಜಾಗ ಮೇಲೆ ನಾಲ್ಕೋ ಐದೋ ಇರುತ್ತದೆ. ಬಂದವರೆಲ್ಲ ಅದೇ ಜಾಗಕ್ಕೆ ಹಾಕುತ್ತಾರೆ. ನೀರು ನುಗ್ಗದಿರಲಿ ಅಂತ ಸುತ್ತ ಕಾಲುವೆ ತೋಡುತ್ತಾರೆ. ನನ್ನ ಕಣ್ಣಾರೆ ಕಂಡಿದ್ದೇನೆ. ಬೇರೆ ಒಂದು ಬೆಟ್ಟದ ತುದಿಯಲ್ಲಿ ಟೆಂಟ್ ಹಾಕುತ್ತಿದ್ದ ಜಾಗ ಮಂಚದಷ್ಟು ಅಗಲ ಬೋಳಾಗಿತ್ತು. ಅದರ ಪಕ್ಕ ಇನ್ನೊಂದು. ಮಧ್ಯೆ ಮೂರು ಕಲ್ಲಿನ ಒಲೆ, ಅರ್ಧ ಸುಟ್ಟ ಪ್ಲಾಸ್ಟಿಕ್ ತಟ್ಟೆ.

ಬೈಕ್ ಸವಾರ

ತಟ್ಟೆ ಬಿಟ್ಟು ಬಂದವನಿಗೆ ದಂಡ ಹಾಕಲಿ. ತಂದುಕೊಂಡು ಬರುವವನಿಗೂ ಯಾಕೆ ಬಾಗಿಲು ಮುಚ್ಚಬೇಕು?

ಸುಳ್ಯದ ಮೇಷ್ಟ್ರು

ನಾನು ಕುಮಾರಪರ್ವತಕ್ಕೆ ಮೊದಲು ಹೋಗಿದ್ದು 1988ರಲ್ಲಿ. ಕುಕ್ಕೆ ಕಡೆಯಿಂದ ಹತ್ತಿ ಸೋಮವಾರಪೇಟೆ ಕಡೆಗೆ ಇಳಿದೆವು. ಎರಡು ದಿನದಲ್ಲಿ ದಾರಿಯಲ್ಲಿ ಸಿಕ್ಕವರು ಒಟ್ಟು ಏಳು ಜನ. ಆಗ ಟೆಂಟ್ ಹಾಕಬೇಡಿ ಅಂತ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

2024ರ ಗಣರಾಜ್ಯೋತ್ಸವದ ರಜೆ ನೆನಪು ಮಾಡಿಕೊಳ್ಳಿ. ಅದೇ ಬೆಟ್ಟದಲ್ಲಿ ಸಾಲುಗಟ್ಟಿ ನಿಂತ ಜನರ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ರಥಬೀದಿಯಲ್ಲಿ ನಿಂತ ಹಾಗೆ ನಿಂತಿದ್ದರು. ಆಮೇಲೆ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ನಿಲ್ಲಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಆಯಿತು.

ಏಳು ಜನ ಇದ್ದಾಗಿನ ಪದ್ಧತಿ 300 ಜನಕ್ಕೆ ನಡೆಯುವುದಿಲ್ಲ ಮಾರಾಯ್ರೇ. ನನಗೂ ಆ ರಾತ್ರಿಗಳು ಬೇಕು. ಆದರೆ ಮುನ್ನೂರು ಜನಕ್ಕೂ ಅದೇ ರಾತ್ರಿ ಬೇಕಲ್ಲ.

ಚಾರಣದ ಅಕ್ಕ

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಯಾರೂ ಬಾಯಿ ಬಿಟ್ಟು ಹೇಳದ ವಿಷಯ. 300 ಜನ ದಿನವಿಡೀ ಬೆಟ್ಟದ ಮೇಲೆ ಇದ್ದರೆ ಶೌಚಕ್ಕೆ ಎಲ್ಲಿ ಹೋಗುತ್ತಾರೆ?

ಕುದುರೆಮುಖ ಹೋಗಿ ಬರಲು ಸುಮಾರು 20 ಕಿ.ಮೀ. ಎಂಟು ಗಂಟೆ ಆದರೂ ಬೇಕು. ಹುಲ್ಲುಗಾವಲಿನಲ್ಲಿ ಮರೆ ಇಲ್ಲ. ಮರೆ ಇರುವುದು ಶೋಲಾ ಒಳಗೆ, ಹಳ್ಳದ ಪಕ್ಕ. ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಅದೇ ಹಳ್ಳದ ನೀರನ್ನು ಮುಂದಿನವರು ಬಾಟಲಿಗೆ ತುಂಬಿಸಿಕೊಳ್ಳುತ್ತಾರೆ. ಹಗಲೇ ಹೀಗಾದರೆ ರಾತ್ರಿ ಉಳಿದರೆ ಇನ್ನು ಹೇಗೆ?

ಕಳೆದ ಸಲ ಹಳ್ಳದ ಕಲ್ಲಿನ ಸಂದಿಯಲ್ಲಿ ಪ್ಯಾಡ್ ಬಿದ್ದಿತ್ತು. ನೋಡಿ ತುಂಬಾ ನೋವಾಯಿತು. ಹುಡುಗಿಯರೇ, ದಯವಿಟ್ಟು ಒಂದು ಜಿಪ್ ಕವರ್, ಹಳೇ ಪೇಪರ್ ಇಟ್ಟುಕೊಳ್ಳಿ. ಸುತ್ತಿ ಕವರಿಗೆ ಹಾಕಿ, ಚೀಲದ ಹೊರ ಜೇಬಿಗೆ ಸೇರಿಸಿ, ಊರಿಗೆ ತಂದು ಎಸೆಯಿರಿ. ಹತ್ತು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ. ಕಷ್ಟ ಏನೂ ಇಲ್ಲ.

ಪಡುವಣ

ಅಕ್ಕ, ಇದನ್ನು ಹೇಳಿದ್ದಕ್ಕೆ ಥ್ಯಾಂಕ್ಸ್. ನನ್ನ ತಂಗಿಗೆ ಕಳಿಸಿದೆ.

ಸಿಯೆರಾ ಕನ್ನಡಿಗ

ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಊರು ತೀರ್ಥಹಳ್ಳಿ. ಇಲ್ಲಿನ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ಟೆಂಟ್ ಹಾಕಲು ಬಿಡುತ್ತಾರೆ. ಹೆಚ್ಚಿನ ಕಡೆ ಒಂದೇ ಜಾಗದಲ್ಲಿ 14 ದಿನದವರೆಗೂ ಇರಬಹುದು. ನಮ್ಮವರು ಇದನ್ನು ನೋಡಿ "ಅಲ್ಲಿ ಇದೆ, ಇಲ್ಲಿ ಯಾಕಿಲ್ಲ" ಅಂತ ಕೇಳುತ್ತಾರೆ.

ಎರಡು ಮಾತು. ಇಲ್ಲಿ ನ್ಯಾಷನಲ್ ಫಾರೆಸ್ಟ್ ಬೇರೆ, ನ್ಯಾಷನಲ್ ಪಾರ್ಕ್ ಬೇರೆ. ಫಾರೆಸ್ಟ್ ಇರುವುದು ಕೃಷಿ ಇಲಾಖೆಯ ಕೆಳಗೆ. ಅಲ್ಲಿ ಮರ ಕಡಿಯುತ್ತಾರೆ, ದನ ಮೇಯಿಸುತ್ತಾರೆ, ಟೆಂಟೂ ಹಾಕುತ್ತಾರೆ. ಪಾರ್ಕಿನ ನಿಯಮ ಇನ್ನೂ ಬಿಗಿ. ನಮ್ಮ ಕುದುರೆಮುಖವನ್ನು ಫಾರೆಸ್ಟ್ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು, ಬಿಟ್ಟರೂ ಸುಮ್ನೆ ಬಿಡುವುದಿಲ್ಲ. ಇನ್ಯೋ ನ್ಯಾಷನಲ್ ಫಾರೆಸ್ಟ್‌ನಲ್ಲಿ ಮೌಂಟ್ ವಿಟ್ನಿ ಇದೆ. 4,421 ಮೀಟರ್. ಅಲಾಸ್ಕಾ ಬಿಟ್ಟರೆ ಅಮೆರಿಕದಲ್ಲೇ ಎತ್ತರದ್ದು. ಮೇ 1ರಿಂದ ನವೆಂಬರ್ 1ರವರೆಗೆ ಆ ದಾರಿಯಲ್ಲಿ ರಾತ್ರಿ ಉಳಿಯಲು ದಿನಕ್ಕೆ 60 ಜನ, ಒಂದೇ ದಿನದಲ್ಲಿ ಹೋಗಿ ಬರಲು 100 ಜನ. ಅದಕ್ಕೂ ಲಾಟರಿ. ಮೇಲೆ ಮಾಡಿದ ಮಲವನ್ನೂ ಚೀಲದಲ್ಲಿ ಕಟ್ಟಿ ಕೆಳಗೆ ಹೊತ್ತು ತರಬೇಕು. ನಾನು ಹೊತ್ತು ತಂದಿದ್ದೇನೆ. ಎರಡು ಪದರದ ಚೀಲ ಇರುತ್ತದೆ, ಒಳಗೆ ಪುಡಿ ಇರುತ್ತದೆ, ವಾಸನೆ ಬರುವುದಿಲ್ಲ. ಕರಡಿ ಬರದಿರಲಿ ಅಂತ ಊಟವನ್ನು ಗಟ್ಟಿ ಡಬ್ಬಿಯಲ್ಲಿಟ್ಟು ಮುಚ್ಚಬೇಕು. ಬೇಸಿಗೆಯಲ್ಲಿ ಎಷ್ಟೋ ಕಡೆ ಸೌದೆ ಬೆಂಕಿಗೆ ಪೂರ್ತಿ ತಡೆ.

ಇಷ್ಟೆಲ್ಲ ಪಾಲಿಸಲು ಒಪ್ಪಿದರೆ ನಮ್ಮಲ್ಲೂ ಕೇಳಬಹುದು. ಮೊದಲು ಅದು ಬರಲಿ.

ಬೈಕ್ ಸವಾರ

ಇದೇ ಅಲ್ವಾ ನಾನು ಹೇಳಿದ್ದು! ದಿನಕ್ಕೆ 60 ಬೇಡ, ಹತ್ತು ಟೆಂಟ್ ಬಿಡಲಿ. ಲಾಟರಿ ಹಾಕಲಿ. ಮುಂಗಡ ಹಣ ಇಟ್ಟುಕೊಳ್ಳಲಿ, ಕಸ ತೋರಿಸಿದರೆ ವಾಪಸ್ ಕೊಡಲಿ. ಪೂರ್ತಿ ಇಲ್ಲ ಅನ್ನುವುದಕ್ಕಿಂತ ಇದು ವಾಸಿ.

ವಾಚರ್ ಮಗಳು

ನಾನು ಸಾಮಾನ್ಯವಾಗಿ ಇಲ್ಲಿ ಓದುವುದಷ್ಟೇ, ಬರೆಯುವುದಿಲ್ಲ. ಇವತ್ತು ಬರೆಯುತ್ತಿದ್ದೇನೆ.

ನನ್ನ ಅಪ್ಪ ಅರಣ್ಯದಲ್ಲಿ ದಿನಗೂಲಿ ವಾಚರ್ ಆಗಿದ್ದರು. ಯಾವ ವಲಯ ಅಂತ ಹೇಳುವುದಿಲ್ಲ, ಇದೇ ಘಟ್ಟದ ಸಾಲು. ಮಳೆ ನಿಂತು ಹುಲ್ಲು ಹಳದಿಯಾದ ಮೇಲೆ ಅವರಿಗೆ ನಿದ್ದೆ ಇಲ್ಲ. ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಮಾಡುತ್ತಾರೆ. ಅಂದರೆ ಗುಡ್ಡದ ಮೇಲೆ ಪಟ್ಟಿಯ ಹಾಗೆ ಹುಲ್ಲು ತೆಗೆಯುವುದು, ಬೆಂಕಿ ದಾಟದಿರಲಿ ಅಂತ. ಅದನ್ನೂ ದಾಟಿ ಬಂದರೆ ನೀರಿನ ಗಾಡಿ ಅಲ್ಲಿಗೆ ಹೋಗುವುದಿಲ್ಲ. ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬಡಿಯುವುದೇ.

ಹೇಗೆ ಬಡಿಯಬೇಕು ಗೊತ್ತಾ? ಎತ್ತಿ ಹೊಡೆದರೆ ಕಿಡಿ ಹಾರಿ ಹಿಂದೆ ಹತ್ತಿಕೊಳ್ಳುತ್ತದೆ. ಕೊಂಬೆಯನ್ನು ಉರಿಯ ಮೇಲೆ ಒತ್ತಿ ಹಿಡಿದು, ಸುಟ್ಟಿರುವ ಕಡೆಗೇ ಎಳೆಯಬೇಕು. ಅಪ್ಪ ಅಂಗಳದಲ್ಲಿ ಪೊರಕೆ ಹಿಡಿದು ನಮಗೆ ತೋರಿಸಿದ್ದರು. ಒಂದು ಸಲ ಎರಡು ದಿನ ಬಿಟ್ಟು ಮನೆಗೆ ಬಂದರು. ಹುಬ್ಬು ಇರಲಿಲ್ಲ. ಅಂಗೈಯಲ್ಲಿ ಬೊಬ್ಬೆ. ಅಮ್ಮ ಬಾಳೆಎಲೆ ಮೇಲೆ ಗಂಜಿ ಆರಿಸಿ, ತುತ್ತು ಮಾಡಿ ತಿನ್ನಿಸಿದರು. ಚಮಚ ಹಿಡಿಯಲೂ ಅವರಿಗೆ ಆಗುತ್ತಿರಲಿಲ್ಲ.

ಆ ಸಲ ಬೆಂಕಿ ಶುರುವಾಗಿದ್ದ ಜಾಗದಲ್ಲಿ ಮೂರು ಕಲ್ಲಿನ ಒಲೆ ಸಿಕ್ಕಿತು. ಪಕ್ಕದಲ್ಲಿ ನೂಡಲ್ಸ್ ಪ್ಯಾಕೆಟ್. ಯಾರದು ಅಂತ ಗೊತ್ತಾಗಲೇ ಇಲ್ಲ. ಬಹುಶಃ ಅವರಿಗೂ ಗೊತ್ತಿಲ್ಲ. ಬೆಂಕಿ ಆರಿಸಿದ್ದೇವೆ ಅಂದುಕೊಂಡೇ ಹೋಗಿರುತ್ತಾರೆ.

ಸವಾರ ಅಣ್ಣ, ಹತ್ತು ಟೆಂಟ್ ಅಂದರಲ್ಲ. ಆ ಹತ್ತು ಟೆಂಟಿಗೆ ರಾತ್ರಿ ಕಾವಲು ಯಾರು? ನನ್ನ ಅಪ್ಪನಂಥವರೇ.

ಬೈಕ್ ಸವಾರ

ಓದಿದೆ ತಂಗಿ. ನಿಮ್ಮ ತಂದೆಯವರು ಈಗ ಹೇಗಿದ್ದಾರೆ?

ಕಾವಲು ಯಾರು ಅನ್ನುವುದನ್ನು ನಾನು ಯೋಚಿಸಿರಲಿಲ್ಲ. ಅದು ನನ್ನ ತಪ್ಪು.

ವಾಚರ್ ಮಗಳು

ಚೆನ್ನಾಗಿದ್ದಾರೆ ಅಣ್ಣ. ಈಗ ಮನೆಯಲ್ಲೇ ಇದ್ದಾರೆ. ಕಾಳುಮೆಣಸು ಬಳ್ಳಿ ನೋಡಿಕೊಳ್ಳುತ್ತಾರೆ.

ಕಳಸದ ಹುಡುಗ

ಇದು ಹೇಳಲೇಬೇಕು. ಉದ್ಯಾನದ ಒಳಗೆ ಇನ್ನೂ ಮನೆಗಳಿವೆ. ಮಲೆಕುಡಿಯರಿದ್ದಾರೆ, ಗೌಡ್ಲುಗಳಿದ್ದಾರೆ, ಸಣ್ಣ ಗದ್ದೆ ತೋಟ ಮಾಡಿಕೊಂಡವರಿದ್ದಾರೆ. ಸರಿಯಾದ ರಸ್ತೆ ಬೇಕು ಅಂದರೆ ಕಾಯ್ದೆ ಅಡ್ಡ. ಕರೆಂಟ್ ಕಂಬ ಬೇಕು ಅಂದರೆ ಕಾಯ್ದೆ ಅಡ್ಡ. ಹುಷಾರಿಲ್ಲದವರನ್ನು ಜೀಪಿನಲ್ಲಿ ಎತ್ತಿ ಕುಲುಕಿಸಿಕೊಂಡು ಕಳಸಕ್ಕೆ ತರಬೇಕು. ಒಲೆಗೆ ಒಂದು ಹೊರೆ ಕಟ್ಟಿಗೆ ತಂದರೂ ಹೆದರಿ ತರಬೇಕು. ಅಂಥ ಕಡೆ ಹೊರಗಿನವರಿಗೆ ಕ್ಯಾಂಪ್ ಫೈರ್ ಬಿಟ್ಟರೆ ನಮ್ಮವರು ಏನಂದುಕೊಳ್ಳಬೇಕು?

ಚಾರಣ ಬೇಡ ಅನ್ನುವುದಿಲ್ಲ. ಹೋಂಸ್ಟೇ, ಜೀಪು, ಗೈಡು, ಇದರಿಂದ ಎಷ್ಟೋ ಮನೆ ನಡೆಯುತ್ತದೆ. ಬಾಳೆಗಲ್‌ನಿಂದ ಮುಳ್ಳೋಡಿಗೆ ಜೀಪ್ ಓಡಿಸುವವರಲ್ಲಿ ನನ್ನ ಜೊತೆ ಓದಿದವರೇ ಇದ್ದಾರೆ. ಅಪ್ಪ ಸರ್, ನೀವು ಬನ್ನಿ. ಹೋಂಸ್ಟೇ ಅಂಗಳದಲ್ಲಿ ಟೆಂಟ್ ಹಾಕಿಕೊಡುವ ಮನೆಗಳಿವೆ, ಕೇಳಿ ನೋಡಿ.

ಟೌನ್‌ಶಿಪ್ ಮಗ

ಮೇಲೆ ಗಣಿ ವಿಷಯ ಬಂತು. ನಾನು ಆ ಟೌನ್‌ಶಿಪ್‌ನಲ್ಲೇ ಬೆಳೆದವನು. ಅಪ್ಪ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯಲ್ಲಿದ್ದರು. ಶಾಲೆ, ಆಸ್ಪತ್ರೆ, ಆಟದ ಮೈದಾನ ಎಲ್ಲ ಇತ್ತು. ಮಳೆಗಾಲದಲ್ಲಿ ಯೂನಿಫಾರ್ಮ್ ಒಣಗುತ್ತಿರಲಿಲ್ಲ. ಅಮ್ಮ ಇಸ್ತ್ರಿಪೆಟ್ಟಿಗೆಯಲ್ಲೇ ಒಣಗಿಸಿ ಕೊಡುತ್ತಿದ್ದರು. ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು. ಆಗ ನಮ್ಮ ಮನೆಯಲ್ಲಿ ಸೂತಕದ ಹಾಗಿತ್ತು. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಲಾರಿಗೆ ಸಾಮಾನು ತುಂಬಿಸಿ ಹೋದರು.

ಈಗ ನನಗೆ ಎರಡೂ ಅನ್ನಿಸುತ್ತದೆ. ನಮ್ಮ ಊರು ಹೋಯಿತು. ಆದರೆ ಆ ತೀರ್ಪು ಸರಿ. ಲಖ್ಯಾ ಅಣೆಕಟ್ಟಿನ ಹಿಂದೆ ಗಣಿಯ ಕೆಸರು ತುಂಬಿಕೊಂಡಿರುವುದನ್ನು ನೋಡಿದವರಿಗೆ ಇದು ಅರ್ಥ ಆಗುತ್ತದೆ. ಭದ್ರೆ ಹುಟ್ಟುವುದೇ ಅಲ್ಲಿ, ಗಂಗಾಮೂಲದಲ್ಲಿ. ತುಂಗೆ, ನೇತ್ರಾವತಿ ಕೂಡ ಅಲ್ಲಿಂದಲೇ. ಗಣಿಯನ್ನೇ ನಿಲ್ಲಿಸಿದ ಬೆಟ್ಟ ಅದು. "ಗಣಿ ನಡೀತಲ್ಲ, ಟೆಂಟ್ ಯಾಕಿಲ್ಲ" ಅಂದರೆ ನನಗೆ ಬೇಜಾರಾಗುತ್ತದೆ. ಗಣಿ ನಡೆಯಬಾರದಿತ್ತು, ಅಷ್ಟೇ.

ಸುಳ್ಯದ ಮೇಷ್ಟ್ರು

ಟೌನ್‌ಶಿಪ್‌ನ ಮಗನೇ, ನಿಮ್ಮ ಶಾಲೆಗೆ ನಾವು ಒಮ್ಮೆ ಖೋಖೋ ಆಡಿಸಲು ಮಕ್ಕಳನ್ನು ಕರೆದುಕೊಂಡು ಬಂದಿದ್ದೆವು. ಮೈದಾನದಲ್ಲಿ ಮಂಜು. ಎದುರು ತಂಡದ ಮಕ್ಕಳೇ ಕಾಣುತ್ತಿರಲಿಲ್ಲ.

ಟೌನ್‌ಶಿಪ್ ಮಗ

ಹೌದು ಸರ್, ಅದೇ ಮೈದಾನ. ನಮಗೆ ಅಭ್ಯಾಸ ಇತ್ತು, ಅದಕ್ಕೇ ಗೆಲ್ಲುತ್ತಿದ್ದೆವು.

ಆಸ್ಪತ್ರೆ ಡ್ಯೂಟಿ

ಮಗು ಜೊತೆ ಹೋಗುತ್ತಿದ್ದೀರಿ, ಆರೋಗ್ಯದ ವಿಷಯ ಹೇಳುತ್ತೇನೆ. ಮಳೆಗಾಲದಿಂದ ನವೆಂಬರ್‌ವರೆಗೂ ಉಂಬಳ, ಅಂದರೆ ಜಿಗಣೆ, ಇರುತ್ತದೆ. ಅದರಿಂದ ಅಪಾಯ ಇಲ್ಲ. ಕಚ್ಚಿದಾಗ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ಅದಕ್ಕೇ ಬಿಟ್ಟ ಮೇಲೂ ತುಂಬಾ ಹೊತ್ತು ರಕ್ತ ಸೋರುತ್ತದೆ. ತೊಳೆದು ಒತ್ತಿ ಹಿಡಿದರೆ ಸಾಕು.

ಉಣ್ಣಿ ಬೇರೆ ಮಾತು. ಮಂಗನ ಕಾಯಿಲೆ ಹರಡುವುದು ಅದರಿಂದ. ಈ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇ ವರೆಗೆ ಜಾಸ್ತಿ. ಎಲ್ಲ ಕಡೆ ಇರುವುದಿಲ್ಲ, ಆದರೆ ಮಲೆನಾಡಿನಲ್ಲಿ ಎಚ್ಚರ ಬೇಕು. ತುಂಬುತೋಳಿನ ಅಂಗಿ ಹಾಕಿಸಿ, ಪ್ಯಾಂಟನ್ನು ಕಾಲುಚೀಲದ ಒಳಗೆ ಸಿಕ್ಕಿಸಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಕಾಯಿಲೆ ಇರುವ ಕಡೆ ಆಶಾ ಕಾರ್ಯಕರ್ತೆಯರು ಉಣ್ಣಿ ಹತ್ತದ ಹಾಗೆ ತಡೆಯುವ ಡೆಪಾ ಎಣ್ಣೆ ಕೊಡುತ್ತಾರೆ, ಹಚ್ಚಿಕೊಳ್ಳಿ. ವಾಪಸ್ ಬಂದ ದಿನ ಬಿಸಿನೀರಿನ ಸ್ನಾನ ಮಾಡಿಸಿ, ಕಂಕುಳು, ಕಿವಿ ಹಿಂದೆ, ಕೂದಲಿನ ಬುಡ ನೋಡಿ. ಒಂದೆರಡು ವಾರದಲ್ಲಿ ಜೋರು ಜ್ವರ ಬಂದರೆ ಡಾಕ್ಟರ ಹತ್ತಿರ "ಕಾಡಿಗೆ ಹೋಗಿದ್ದೆವು" ಅಂತ ಮೊದಲ ಮಾತಲ್ಲೇ ಹೇಳಿ.

ಪಡುವಣ

ಉಂಬಳಕ್ಕೆ ಉಪ್ಪು. ಬೇರೆ ಏನೂ ಬೇಡ.

ಕಳಸದ ಹುಡುಗ

ಉಪ್ಪು ಸರಿ, ಆದರೆ ಮೈಮೇಲೆ ಸುರಿಯಬಾರದು. ಬಟ್ಟೆಯಲ್ಲಿ ಒಂದು ಹಿಡಿ ಉಪ್ಪು ಗಂಟು ಕಟ್ಟಿ ಕೋಲಿನ ತುದಿಗೆ ಕಟ್ಟಿಕೊಳ್ಳಿ. ಗಂಟನ್ನು ಸ್ವಲ್ಪ ಒದ್ದೆ ಮಾಡಿ ಮುಟ್ಟಿಸಿದರೆ ತಾನಾಗೇ ಉದುರುತ್ತದೆ. ತೋಟಕ್ಕೆ ಹೋಗುವಾಗ ನಮ್ಮ ಅಜ್ಜಿ ಕೈಯಲ್ಲಿ ಯಾವಾಗಲೂ ಆ ಕೋಲು ಇರುತ್ತಿತ್ತು. ಕೆಲವರು ಸುಣ್ಣ, ಹೊಗೆಸೊಪ್ಪು ಹಚ್ಚುತ್ತಾರೆ. ಚಿಕ್ಕ ಮಕ್ಕಳಿಗೆ ಅದು ಬೇಡ, ಚರ್ಮ ಉರಿಯುತ್ತದೆ.

ಹುಲ್ಲುಗಾವಲು

ಉಗುರಿನಿಂದ ಪಕ್ಕಕ್ಕೆ ತಳ್ಳಿದರೂ ಬಿಡುತ್ತದೆ. ಅದನ್ನು ಕೊಲ್ಲಲೇಬೇಕು ಅಂತೇನೂ ಇಲ್ಲ.

ಹಗಲು ನಡಿಗೆ

11 ವರ್ಷದ ಮಗುವಿಗೆ 20 ಕಿ.ಮೀ. ಜಾಸ್ತಿ ಆಗೋದಿಲ್ವಾ? ನನ್ನ ಮಗ 13ರಲ್ಲಿ ಹೋಗಿದ್ದ. ಇಳಿಯುವಾಗ ಕಾಲು ನಡುಗುತ್ತಿತ್ತು. ಕೊನೆಯ ಎರಡು ಕಿ.ಮೀ. ಅವನ ಚೀಲ ನಾನೇ ಹೊತ್ತೆ.

ಚಾರಣದ ಅಕ್ಕ

ನನ್ನ ಅನುಭವ ಕೇಳಿ. ಒಮ್ಮೆ ಒಂದು ಟ್ರೆಕ್ಕಿಂಗ್ ಕಂಪನಿ ಜೊತೆ ಹೋಗಿದ್ದೆ. ಹೆಸರು ಬೇಡ. ಬಸ್ ತಡವಾಯಿತು, ಹತ್ತಲು ಶುರು ಮಾಡಿದ್ದೇ ಹತ್ತು ಗಂಟೆಗೆ. ನಲವತ್ತು ಜನಕ್ಕೆ ಇಬ್ಬರು ಲೀಡರ್. ಇಳಿಯುವಾಗ ಒಬ್ಬ ಹುಡುಗಿಯ ಕಾಲು ಉಳುಕಿತು. ಮುಂದಿದ್ದ ಲೀಡರ್‌ಗೆ ಗೊತ್ತೇ ಆಗಲಿಲ್ಲ. ನಾವು ನಾಲ್ಕು ಜನ ಅವಳ ಜೊತೆ ನಿಂತೆವು. ಸಿಗ್ನಲ್ ಇಲ್ಲ, ಮಂಜು ಇಳಿಯಿತು, ಕತ್ತಲಾಯಿತು. ಒಂದೇ ಒಂದು ಟಾರ್ಚ್. ದುಪಟ್ಟ ಹರಿದು ಪಾದಕ್ಕೆ ಬಿಗಿಯಾಗಿ ಕಟ್ಟಿ, ಇಬ್ಬರ ಹೆಗಲ ಮೇಲೆ ಕೈ ಹಾಕಿಸಿ ಇಳಿಸಿದೆವು. ಹಳ್ಳದ ಆಚೆ ಕಾಟಿಗಳ, ಅಂದರೆ ಕಾಡುಕೋಣಗಳ, ಗುಂಪು ನಿಂತಿತ್ತು. ಮೊದಲು ಉಸಿರು ಬಿಡುವ ಸದ್ದು ಕೇಳಿಸಿತು, ಆಮೇಲೆ ಕಣ್ಣು ಹೊಳೆದವು. ನಾವು ಹಾಗೇ ನಿಂತೆವು. ಅವೇ ದಾರಿ ಬಿಟ್ಟು ಹೋದವು.

ಅದಕ್ಕೇ ಹೇಳುತ್ತಿದ್ದೇನೆ. ಶಿಖರವೇ ಬೇಕು ಅಂತ ಹಠ ಬೇಡ. ಅಲ್ಲೇ ಹತ್ತಿರ ಕುರಿಂಜಲ್ ಇದೆ, ದಾರಿ ಚಿಕ್ಕದು, ಅದಕ್ಕೂ ಅನುಮತಿ ಕೊಡುತ್ತಾರೆ. ಮಗುವಿಗೆ ಅದೇ ಸರಿ.

ಟೌನ್‌ಶಿಪ್ ಮಗ

ಟೆಂಟ್ ವಿಷಯಕ್ಕೆ ಬರೋಣ. ಅಪ್ಪ ಸರ್, ನಿಮಗೆ ಬೇಕಾದ್ದು ಕಾನೂನು ಪ್ರಕಾರವೇ ಸಿಗುತ್ತದೆ. ಕುದುರೆಮುಖದಿಂದ ಕಾರ್ಕಳ ಕಡೆ ಹೋಗುವ ರಸ್ತೆಯಲ್ಲಿ, ಭದ್ರಾ ಹೊಳೆ ಪಕ್ಕ ಭಗವತಿ ಪ್ರಕೃತಿ ಶಿಬಿರ ಇದೆ. ಕಾಡಿನ ಒಳಗೇ, ಟೆಂಟುಗಳಿವೆ. ಮೊದಲೇ ಬುಕ್ ಮಾಡಬೇಕು. ನೀವು ಹೋಗುವ ವಾರ ತೆರೆದಿದೆಯಾ ಅಂತ ಫೋನ್ ಮಾಡಿ ಕೇಳಿ. ರಾತ್ರಿ ಹೊಳೆ ಸದ್ದು ಬಿಟ್ಟರೆ ಇನ್ನೇನೂ ಕೇಳುವುದಿಲ್ಲ.

ಜಯನಗರದ ಅಪ್ಪ

ಇಷ್ಟೊಂದು ಜನ ಇಷ್ಟು ಕಾಳಜಿಯಿಂದ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ವಾಚರ್ ಮಗಳು ಬರೆದದ್ದನ್ನು ಮಗಳಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಹಾಗಾದರೆ ಒಲೆ ಬೇಡ ಅಪ್ಪ, ಚಪಾತಿ ತಗೊಂಡು ಹೋಗೋಣ" ಅಂದಳು.

ಒಂಟಿಮರದ ಯೋಚನೆ ಬಿಟ್ಟೆ. ಕುರಿಂಜಲ್, ಮತ್ತೆ ಭಗವತಿ ಶಿಬಿರ. ನಾಳೆ ಫೋನ್ ಮಾಡುತ್ತೇನೆ.

ಬೈಕ್ ಸವಾರ

ಒಳ್ಳೇದಾಯಿತು. ನಾನೂ ಒಂದು ಮಾತು ಹೇಳಿಬಿಡುತ್ತೇನೆ. ಇಂಥ ಶಿಬಿರಗಳು ಇನ್ನೂ ಜಾಸ್ತಿ ಬೇಕು, ಕಡಿಮೆ ದುಡ್ಡಿಗೆ ಬೇಕು. ಕಾರಿದ್ದವರಿಗೆ ಮಾತ್ರ ಕಾಡು ಅಂತ ಆಗಬಾರದು. ಸರ್ಕಾರಿ ಶಾಲೆ ಮಕ್ಕಳೂ ಒಂದು ರಾತ್ರಿ ಅಲ್ಲಿ ಮಲಗಬೇಕು. ಇದರಲ್ಲಿ ನಾನು ಬದಲಾಗಿಲ್ಲ.

ಹುಲ್ಲುಗಾವಲು

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಶೋಲಾ ಒಳಗಲ್ಲ, ಹುಲ್ಲಿನ ಮೇಲಲ್ಲ, ರಸ್ತೆ ಇರುವ ಅಂಚಿನಲ್ಲಿ.

ಸುಳ್ಯದ ಮೇಷ್ಟ್ರು

ಶಾಲೆ ಮಕ್ಕಳ ಮಾತು ಬಂದದ್ದು ಖುಷಿ. ನಾನು ಸೇವೆಯಲ್ಲಿದ್ದಾಗ ಮೂರು ಸಲ ಕರೆದುಕೊಂಡು ಹೋಗಿದ್ದೇನೆ. ಸಿಂಗಳೀಕ ನೋಡಿದ ಒಬ್ಬ ಹುಡುಗ ಇವತ್ತಿಗೂ ಫೋನ್ ಮಾಡಿದಾಗ ಅದನ್ನೇ ಹೇಳುತ್ತಾನೆ. ಮುಖದ ಸುತ್ತ ಬೂದಿ ಬಣ್ಣದ ಕೂದಲು, ಬಾಲದ ತುದಿಗೆ ಕುಚ್ಚು. ಹಲಸಿನ ತೊಳೆ ಬಿಡಿಸುವ ಹಾಗೆ ಕಾಯಿ ಬಿಡಿಸುತ್ತಿತ್ತಂತೆ.

ಜಯನಗರದ ಅಪ್ಪ

(ಮೂರೂವರೆ ವಾರದ ನಂತರ)

ಹೋಗಿ ಬಂದೆವು. ಹೇಗಾಯಿತು ಅಂತ ಹೇಳಲು ಬರೆಯುತ್ತಿದ್ದೇನೆ.

ಕುರಿಂಜಲ್ ಹತ್ತಿದೆವು. ಗೈಡ್ ಆಗಿ ಬಂದ ಹುಡುಗ ಅಲ್ಲಿಯವರೇ. ಮಗಳಿಗೆ ಕಡವೆ ಹೆಜ್ಜೆ, ಕಾಟಿ ಹೆಜ್ಜೆ ಬೇರೆ ಬೇರೆ ಗುರುತಿಸುವುದು ಹೇಳಿಕೊಟ್ಟರು. ಅವಳು ಉಪ್ಪಿನ ಗಂಟು ಕಟ್ಟಿದ ಕೋಲನ್ನು ಕೈಯಿಂದ ಬಿಡಲೇ ಇಲ್ಲ. ಆರು ಉಂಬಳ ಹತ್ತಿದವು, ಆರನ್ನೂ ತಾನೇ ತೆಗೆದಳು. ಕಳಸದ ಹುಡುಗ, ನಿಮ್ಮ ಅಜ್ಜಿಗೆ ನಮಸ್ಕಾರ ಹೇಳಿ.

ಇಳಿಯುವ ದಾರಿಯಲ್ಲಿ ಚಾಕೊಲೇಟ್ ಕವರ್ ಸಿಕ್ಕವು. ಅವಳು ಹೆಕ್ಕಿ ನನ್ನ ಜೇಬಿಗೆ ತುಂಬಿದಳು. ಒಂದು ಕವರ್ ಹುಲ್ಲಿನ ಬುಡದಲ್ಲಿ ಸಿಕ್ಕಿಕೊಂಡಿತ್ತು. ಎಳೆದರೆ ಬರಲಿಲ್ಲ. ಹುಲ್ಲು ಅದರ ಮಧ್ಯದಿಂದಲೇ ತೂರಿ ಬೆಳೆದಿತ್ತು. ಅವಳು ಕೂತು ಒಂದೊಂದೇ ಎಸಳು ಬಿಡಿಸಿ ಕವರ್ ತೆಗೆದಳು. ಹತ್ತು ನಿಮಿಷ ಆಯಿತು. ಗೈಡ್ ಕೂಡ ಕಾದರು.

ರಾತ್ರಿ ಟೆಂಟಿನಲ್ಲಿ ಮಲಗಿದೆವು. ಜಿಪ್ ತೆಗೆದರೆ ಮರ, ಮರದ ಮೇಲೆ ಮಂಜು. ನಕ್ಷತ್ರ ಕಾಣಲಿಲ್ಲ. ನನಗೆ ಕೊಟ್ಟ ಮಾತು ತಪ್ಪಿದ ಹಾಗೆ ಅನ್ನಿಸಿತು. ಎರಡು ಗಂಟೆ ಸುಮಾರಿಗೆ ಅವಳೇ ಎಬ್ಬಿಸಿದಳು. ಮಂಜು ಹೋಗಿತ್ತು. ಕೊಂಬೆಗಳ ಮಧ್ಯೆ ತಟ್ಟೆಯಷ್ಟು ಅಗಲ ಆಕಾಶ, ಅದರಲ್ಲಿ ಕೃತ್ತಿಕೆ. ಆರು ನಕ್ಷತ್ರ ಎಣಿಸಿದಳು. ನನಗೆ ಐದೇ ಕಂಡದ್ದು.

ಬೆಳಗಿನ ಜಾವ ಯಾರೋ ಹೊಳೆ ಹತ್ತಿರ ಶಿಳ್ಳೆ ಹಾಕುತ್ತಿದ್ದಾರೆ ಅಂದುಕೊಂಡು ಎದ್ದೆವು. ರಾಗ ಗೊತ್ತಿಲ್ಲದೆ ಹಾಡುವ ಹುಡುಗನ ಹಾಗೆ. ನೋಡಿದರೆ ಹಕ್ಕಿ, ಕಡುನೀಲಿ.

ಹುಲ್ಲುಗಾವಲು

ಸಿಳ್ಳಾರ! ಹಣೆ ಮೇಲೆ, ಹೆಗಲ ಮೇಲೆ ಹೊಳೆಯುವ ನೀಲಿ ಇತ್ತಾ?

ಜಯನಗರದ ಅಪ್ಪ

ಹೆಗಲ ಮೇಲೆ ಇತ್ತು. ಹಣೆ ನೋಡುವಷ್ಟರಲ್ಲಿ ಹಾರಿತು.

ವಾಚರ್ ಮಗಳು

ಅಪ್ಪನಿಗೆ ಓದಿ ಹೇಳಿದೆ ಸರ್. ಮಗಳ ಹೆಸರೇನು ಅಂತ ಕೇಳಿದರು. ಇಲ್ಲಿ ಬರೆಯಬೇಡಿ, ಅವರು ಸುಮ್ನೆ ಕೇಳಿದ್ದು. ಕವರ್ ಬಿಡಿಸಿದ್ದನ್ನು ಎರಡು ಸಲ ಓದಿಸಿದರು.

ಪಡುವಣ

ಸರ್, ನಾವು ಮುಂದಿನ ವಾರ ಹೋಗುತ್ತಿದ್ದೇವೆ. ಸ್ನಾನಕ್ಕೆ ಬಿಸಿನೀರು ಸಿಗುತ್ತಾ? ಚಳಿ ಹೇಗಿದೆ?

ಜಯನಗರದ ಅಪ್ಪ

ನಮಗೆ ಬಕೆಟಿನಲ್ಲಿ ತಂದುಕೊಟ್ಟರು. ಹಿಂದಿನ ರಾತ್ರಿಯೇ ಹೇಳಿಡಿ. ಚಳಿ ಇದೆ, ಅದಕ್ಕಿಂತ ಜಾಸ್ತಿ ತೇವ. ಒಂದು ಜೊತೆ ಕಾಲುಚೀಲವನ್ನು ಮಲಗಲು ಅಂತಲೇ ಬೇರೆ ಕಟ್ಟಿಟ್ಟುಕೊಳ್ಳಿ.